ಎರಡಿಂಚು

ಮೊದಲ ವಾರವೇ ವಾರಿಜಾ ಮೇಡಂ ಹೇಳಿದರು:
ನಿಮ್ಮ ನಿಮ್ಮ ಮನೆಯ ಮೆಟ್ಟಿಲು ಅಳೆದು ಬರೆದು ತನ್ನಿ.

ನಮ್ಮದು ಕಾಮಾಕ್ಷಿಪಾಳ್ಯ. ಮೂರನೆಯ ಮಹಡಿ. ಬಾಡಿಗೆ.
ಟೇಪು ಹಿಡಿದು ಕೂತವಳನ್ನು ಕಂಡು ಓನರ್
‘ಯಾಕಮ್ಮಾ, ಕಾರ್ಪೊರೇಷನ್ನೋರು ಕಳಿಸಿದ್ರಾ?’ ಅಂದರು.
ಕೊನೆಯ ಸಾಲಿನ ಹದಿನಾರು ಮೆಟ್ಟಿಲು ಏಳೇಳು ಇಂಚು.
ಹದಿನೇಳನೆಯದು ಒಂಬತ್ತು.
ಟೇಪು ಜಾರಿರಬೇಕೆಂದು ಮತ್ತೆ ಹಿಡಿದೆ.
ಒಂಬತ್ತೇ.

ಅಲ್ಲಿ ಎಡವದ ನೆಂಟರಿಲ್ಲ.
ಎಡವದೆ ಬಂದ ಹೆಜ್ಜೆ ನಮ್ಮದೇ ಎಂದು
ಒಲೆಯ ಮುಂದಿಂದ ಏಳದೆಯೇ ಅಮ್ಮ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು.
ಗಾರ್ಮೆಂಟ್ಸ್ ಮುಗಿಸಿ, ಸೊಂಟಕ್ಕೆ ಕೊಡವಿಟ್ಟು,
ಕರೆಂಟಿಲ್ಲದ ರಾತ್ರಿಯಲ್ಲೂ ಅವಳ ಪಾದ
ಅಲ್ಲಿ ತಾನೇ ಎರಡಿಂಚು ಹೆಚ್ಚು ಏಳುತ್ತಿತ್ತು.

ಹಾಳೆಯ ಮೇಲೆ ನಾನು ಎಲ್ಲವನ್ನೂ ಏಳು ಮಾಡಿದೆ.
ಹದಿನೆಂಟರ ನಾಚಿಕೆ; ಟಿ-ಸ್ಕ್ವೇರು ತಕರಾರು ಮಾಡಲಿಲ್ಲ.
ಮೇಡಂ ಪೆನ್ಸಿಲ್ ತುದಿಯಲ್ಲಿ ಕೂಡಿದರು:
‘ಮಹಡಿ ಎತ್ತರ ಹತ್ತಡಿ ಒಂದಿಂಚು ಅಂತ ಬರೆದಿದ್ದೀಯ.
ಹದಿನೇಳೇಳ್ಲ ನೂರ ಹತ್ತೊಂಬತ್ತು.
ಎರಡಿಂಚು ಎಲ್ಲಿ ಹೋಯಿತು?’
ಕ್ಲಾಸು ನಕ್ಕಿತು. ಅವರು ನಗಲಿಲ್ಲ.

ಐದು ವರ್ಷ. ಹೆಗಲಿಗೆ ಹಾಳೆಯ ಕೊಳವೆ;
ಕಂಡಕ್ಟರ್ ದಿನಾ ಕೇಳುವನು, ‘ಏನಮ್ಮ, ಬಂದೂಕಾ?’
ಫೋಮ್‌ಬೋರ್ಡಿನ ಗ್ರಂಥಾಲಯ ಮಾಗಡಿ ರೋಡಿನ ಒಂದು ಬ್ರೇಕಿಗೆ
ಮಡಿಲಲ್ಲೇ ಕುಸಿಯಿತು.
ಬೇಕೆಂದೇ ಹೀಗೆ ಬಾಗಿಸಿದ್ದು ಅಂತ ಜ್ಯೂರಿಗೆ ಹೇಳಿದೆ.
ಅವರು ನಂಬಿದರು. ಅಂಕವೂ ಬಂತು.
ಮೂರನೆಯ ವರ್ಷ ಫೀಸಿಲ್ಲದೆ ಮುಬೀನಾ ನಿಂತಳು.
ನನ್ನ ಗೆರೆಗಿಂತ ಅವಳ ಗೆರೆ ನೆಟ್ಟಗಿತ್ತು.
ಅವಳ ಕಟರ್ ಇನ್ನೂ ನನ್ನ ಬಳಿ ಇದೆ;
ಇದನ್ನು ಪೋರ್ಟ್‌ಫೋಲಿಯೋದ ಯಾವ ಪುಟದಲ್ಲಿ ಹಾಕಲಿ?

ಕಾಲೇಜಿನಲ್ಲಿ ವಿಮಾನ ನಿಲ್ದಾಣ, ಮ್ಯೂಸಿಯಂ, ಮೌನಕ್ಕೊಂದು ಮಂಟಪ.
ಜಯನಗರದ ಆಫೀಸಿನಲ್ಲಿ ಆರು ತಿಂಗಳು
ಬಚ್ಚಲಿನ ಟೈಲ್ಸು, ಕಿಟಕಿಯ ಸರಳು, ಬಚ್ಚಲಿನ ಟೈಲ್ಸು.
ಸ್ಟೈಪೆಂಡು ಬಸ್ ಪಾಸಿಗೂ ಮಧ್ಯಾಹ್ನದ ಚಿತ್ರಾನ್ನಕ್ಕೂ ಸರಿಹೋಯಿತು.
ಕೊನೆಗೆ ನೋಂದಣಿ ಸಂಖ್ಯೆ ಬಂತು;
ಅಮ್ಮ ಅದನ್ನು ಗ್ಯಾಸ್ ಬುಕ್ಕಿನ ಹಿಂದೆ ಬರೆದಿಟ್ಟಳು.

ನನ್ನ ಕೈಗೆ ಕೊಟ್ಟ ಮೊದಲ ಮನೆ ಉಲ್ಲಾಳದಲ್ಲಿ, ಮೂವತ್ತು ನಲವತ್ತು.
ಪುಟ್ಟಸ್ವಾಮಯ್ಯನವರಿಗೆ ಮೂರು ಬಾಡಿಗೆ ಮನೆ ಬರಬೇಕು,
ಕಾರು ನಿಲ್ಲಬೇಕು, ಈಶಾನ್ಯದಲ್ಲಿ ದೇವರು.
ಬೆಳಕಿನ ಮಾತೆತ್ತಿದೆ.
‘ಟ್ಯೂಬ್‌ಲೈಟ್ ಹಾಕ್ಸೋಣ ಬಿಡಿ’ ಅಂದರು.

ಮೇಲಿನ ಸ್ಲ್ಯಾಬು ಎರಡಿಂಚು ಏರಿ ಕೂತಿತ್ತು.
ಮೆಟ್ಟಿಲಿಗೆ ಹಲಗೆ ಹೊಡೆಸಿ ಮುಗಿಸಿದ್ದ ಮೇಸ್ತ್ರಿ ಅಂತೋಣಪ್ಪ.
‘ಕೊನೇ ಮೆಟ್ಲಲ್ಲಿ ಅಡ್ಜಸ್ಟ್ ಮಾಡ್ಬಿಡಣ, ಮೇಡಂ.’
ಮೇಡಂ ಎಂದದ್ದು ನನಗೆ ಅಂತ ತಿಳಿಯಲು ಒಂದು ಕ್ಷಣ ಹಿಡಿಯಿತು.
ಎರಡಿಂಚು ಎಲ್ಲಿ ಹೋಗುತ್ತದೆಂದು ತಿಳಿಯಲು ಅಷ್ಟೂ ಬೇಕಾಗಲಿಲ್ಲ.

ಗೋಡೆಯ ಮೇಲೇ ಲೆಕ್ಕ ಹಾಕಿದೆ:
ಹದಿನೇಳಕ್ಕೂ ಹಂಚಿದರೆ ತಲಾ ಮೂರು ಮಿಲಿಮೀಟರು,
ಯಾವ ಕಾಲಿಗೂ ತಿಳಿಯದಷ್ಟು.
ಆದರೆ ಹಲಗೆ ಬಿಚ್ಚಬೇಕು; ಒಂದು ದಿನದ ಕೂಲಿ; ಪುಟ್ಟಸ್ವಾಮಯ್ಯನವರ ಮುಖ.
ಅಂತೋಣಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಹಳೆಯ ಗುರುತು ಅಳಿಸುತ್ತಾ ಗೊಣಗಿದ:
‘ಇದೆಲ್ಲಾ ಕಾಲೇಜಲ್ಲಿ ಹೇಳ್ಕೊಡ್ತಾರಾ?’
ಇಲ್ಲ, ಕೇಳ್ತಾರೆ, ಅಂದೆ.

ಹಲಗೆ ತೆಗೆದ ದಿನ ಮೊದಲು ಹತ್ತಿದವಳು ನಾನು,
ಫೋನಿನಲ್ಲಿ ಮಾತಾಡುತ್ತಾ, ಎಣಿಸದೆ.
ಹದಿನೇಳನೆಯಲ್ಲಿ ಪಾದ ತಾನೇ ಮೇಲೆದ್ದು
ಇಲ್ಲದ ಎರಡಿಂಚನ್ನು ತುಳಿಯಿತು.
ಮುಗ್ಗರಿಸಿ ಗೋಡೆ ಹಿಡಿದೆ.

ಅಂತೋಣಪ್ಪ ಓಡಿಬಂದ. ಟೇಪು ಬಿಚ್ಚಿ
ಒಂದೊಂದನ್ನೂ ಅಳೆದ. ಎಲ್ಲ ಒಂದೇ ಇತ್ತು.
ಟೇಪನ್ನೊಮ್ಮೆ, ನನ್ನ ಕಾಲನ್ನೊಮ್ಮೆ
ನೋಡುತ್ತಾ ನಿಂತ.