ಸುಂಕದವಳು

ಗಾದೆಯಲ್ಲಿರುವ ಸುಂಕದವನು ಗಂಡಸು.
ದಾವಣಗೆರೆ ಹೆಡ್ ಪೋಸ್ಟಾಫೀಸಿನ ಮೂರನೇ ಕೌಂಟರಿನಲ್ಲಿ
ಹನ್ನೊಂದು ವರ್ಷದಿಂದ ಕೂತಿರುವವಳು ನಾನು,
ಎಂ. ಹಾಲಮ್ಮ, ಅಂಚೆ ಸಹಾಯಕಿ.
ಗಾದೆ ಗೊತ್ತಿದ್ದೂ
ಸುಖದುಃಖ ನನ್ನೆದುರೇ ಹೇಳುತ್ತಾರೆ ಎಲ್ಲರೂ.

ಚೀನಾದಿಂದ ಮೀನಿನ ಗಾಳ ತರಿಸಿದ ಎಂಸಿಸಿ ಬಿ ಬ್ಲಾಕಿನ ಹುಡುಗ
"ಗಾಳ ಮುನ್ನೂರು, ಸುಂಕ ಇನ್ನೂರಾ ಹತ್ತಾ?" ಎಂದು
ತಾನೇ ಸಿಕ್ಕಿಬಿದ್ದ ಮೀನಿನ ಹಾಗೆ ಬಾಯಿ ತೆರೆದ.
ಡೆಂಟಲ್ ಕಾಲೇಜಿನ ಹುಡುಗಿ
ಕೊರಿಯಾದ ಕ್ರೀಮಿಗೆ ಅತ್ತೇಬಿಟ್ಟಳು.
ವಾಚ್ ರಿಪೇರಿಯ ಗುರುಸಿದ್ದಪ್ಪ ವಾದಕ್ಕೆ ನಿಂತರು:
"ಡಬ್ಬಿ ಮೇಲೆ ಉಡುಗೊರೆ ಅಂತ ಬರೆದೈತಲ್ಲವ್ವಾ,
ಉಡುಗೊರೆಗೂ ಸುಂಕ ಹಾಕೋರು
ನಾಳೆ ಆಶೀರ್ವಾದಕ್ಕೂ ಹಾಕ್ತಾರೆ."
ನಾನು ಹಾಕಿದ್ದಲ್ಲ.
ಹಾಕಿದವನು ಮುಂಬೈಯಲ್ಲೋ ಚೆನ್ನೈಯಲ್ಲೋ
ಡಬ್ಬಿ ಕೊಯ್ದು, ಇಣುಕಿ, ಟೇಪು ಸುತ್ತಿ, ಮೊತ್ತ ಗೀಚಿ
ಊಟಕ್ಕೆ ಎದ್ದು ಹೋಗಿದ್ದಾನೆ.
ಅವನ ಅಕ್ಷರಕ್ಕೆ ನಾನು ಮುಖ.

ಬಾಷಾ ನಗರದ ಬುಡೇನ್ ಸಾಬ್ ಬಂದದ್ದು ಒಂದು ಗುರುವಾರ.
ನವರತ್ನ ಬ್ಯಾಂಡ್ ಸೆಟ್ಟಿನ ಕ್ಲಾರಿನೆಟ್ಟು.
ಕೆಂಪು ಕೋಟಿಲ್ಲದೆ ಗುರುತೇ ಸಿಗಲಿಲ್ಲ.
ಫ್ರಾನ್ಸಿನಿಂದ ಬಂದಿತ್ತು ಅಂಗೈಯಗಲದ ಪೊಟ್ಟಣ,
ಒಳಗೆ ಹತ್ತು ರೀಡು.
ಸುಂಕ, ಸುಂಕದ ಮೇಲೆ ಸೆಸ್ಸು, ಎಲ್ಲದರ ಮೇಲೆ ಜಿಎಸ್‌ಟಿ,
ಬಾಲಕ್ಕೆ ನಮ್ಮ ಇಲಾಖೆಯ ಕೂಲಿ:
ಒಂಬೈನೂರ ಎಪ್ಪತ್ತಾರು.

"ರೀಡಂದ್ರೆ ಏನ್ರಿ?"
"ಜೊಂಡು ಮೇಡಂ.
ಕುಂದವಾಡ ಕೆರೆ ದಂಡೇಲಿ ನಿಂತಿರ್ತದಲ್ಲ,
ಅದರ ದೂರದ ನೆಂಟ.
ನಮ್ದನ್ನೂ ಕೊಯ್ದು ಕೆತ್ತಿ ನೋಡೀನಿ.
ನೀರು ಕುಡೀತದೆ, ಮಾತಾಡಲ್ಲ."

ಷರ್ಟಿನ ಜೇಬು, ಪ್ಯಾಂಟಿನ ಜೇಬು, ಟೋಪಿಯ ಮಡಿಕೆ,
ಎಲ್ಲ ಸೇರಿ ಏಳುನೂರ ಮೂವತ್ತು.
ಇನ್ನೂರ ನಲವತ್ತಾರು ಕಮ್ಮಿ.
ನನ್ನ ಪರ್ಸಿನಲ್ಲಿತ್ತು.
ಇವತ್ತು ಕೊಟ್ಟರೆ ನಾಳೆ ಸಾಲು ನಿಲ್ಲುತ್ತದೆ
ಎಂದು ನನಗೆ ನಾನೇ ಹೇಳಿಕೊಂಡು
"ಏಳು ದಿನ ಇಟ್ಟಿರ್ತೀವಿ, ಆಮೇಲೆ ವಾಪಸ್" ಎಂದೆ.
ಅವರು ಭಾನುವಾರದ ಮದುವೆಯ ಮಾತೆತ್ತಲಿಲ್ಲ.
ಎತ್ತಿದ್ದರೆ?
ಗೊತ್ತಿಲ್ಲ.

ಭಾನುವಾರ ರಾತ್ರಿ ಜಯದೇವ ಸರ್ಕಲ್ಲಿನಲ್ಲಿ
ಮಿರ್ಚಿ ಕಟ್ಟಿಸಿಕೊಂಡು ನಿಂತಿದ್ದೆ.
ಮೆರವಣಿಗೆ ಬಂತು. ತಲೆಯ ಮೇಲೆ ದೀಪ ಹೊತ್ತ ಹೆಂಗಸರು,
ಗುಡುಗುಡು ಜನರೇಟರ್ ಗಾಡಿ,
ಕುದುರೆ ಮೇಲೆ ಬೆವರುತ್ತಿದ್ದ ಮದುಮಗ,
ಎಲ್ಲಕ್ಕೂ ಮುಂದೆ ಆ ಕೆಂಪು ಕೋಟು.
ಏರುವ ಸ್ವರದ ತುದಿಯಲ್ಲಿ ಕ್ಲಾರಿನೆಟ್ಟು
ಕೀಚ್ ಎಂದಿತು,
ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಂತೆ.
ಕುಣಿಯುವ ಹುಡುಗರು ನಕ್ಕರು,
ಆ ಕೀಚನ್ನೇ ಅಣಕಿಸಿ ಇನ್ನೊಂದು ಸುತ್ತು ಕುಣಿದರು.
ಯಾರಿಗೂ ಏನೂ ನಷ್ಟವಾಗಲಿಲ್ಲ.
ಹತ್ತು ರೀಡು ಕಪಾಟಿನ ಎರಡನೇ ಖಾನೆಯಲ್ಲಿದ್ದವು.
ಕಪಾಟಿನ ಬೀಗದ ಕೈ ನನ್ನ ಚೀಲದಲ್ಲಿ,
ಬಿಸಿ ಮಿರ್ಚಿಯ ಪಕ್ಕ.

ಸೋಮವಾರ ಬಾಗಿಲು ತೆರೆಯುವಾಗಲೇ ಬಂದರು.
ನೋಟಿನ ಮೇಲೆ ಅಕ್ಷತೆಯ ಅರಿಶಿನ.
ಎಣಿಸಿದೆ, ಸರಿಯಿತ್ತು.
"ನಿನ್ನೆ ಕೇಳಿದೆ" ಅನ್ನಲು ಹೋದೆ.
ಸುಖವನ್ನೂ ಹೇಳದ ದುಃಖವನ್ನೂ ಹೇಳದ ಮನುಷ್ಯನೆದುರು
ಹೇಳಿಕೊಳ್ಳಬೇಕೆನಿಸಿದ್ದು ನನಗೆ.
"ರಸೀದಿ?" ಎಂದರು.

ಕೊಟ್ಟೆ.
ಬೆಂಚಿನ ಮೇಲೆ ಪೆಟ್ಟಿಗೆ ಬಿಚ್ಚಿ
ಒಂದು ರೀಡನ್ನು ನಾಲಿಗೆಯ ಮೇಲೆ ನೆನೆಯಲು ಬಿಟ್ಟು,
ರಸೀದಿಯ ಅಂಚಿನಿಂದ ಬೆರಳಗಲ ಹರಿದು,
ಬೆಂಡು ಸವೆದ ಕೀಲಿಗೆ ಒಂದೇ ಸುತ್ತು ಸುತ್ತಿ,
ತಿರುವಿ ಬಿಗಿ ಮಾಡಿದರು.
"ಸರ್ಕಾರದ ಕಾಗದ ಒಳ್ಳೆ ತೆಳ್ಳಗೈತೆ ಮೇಡಂ,
ಗಾಳಿ ಸೋರಲ್ಲ."

ಊದಲಿಲ್ಲ. ಕಚೇರಿಯಲ್ಲಿ ಊದಬಾರದೆಂದು ಅವರಿಗೆ ಗೊತ್ತು.
ಆ ಹರುಕಿನೊಳಗೆ ಸುತ್ತಿಕೊಂಡು ಹೋದದ್ದು
ಮೊತ್ತವೋ, ನನ್ನ ಸಹಿಯೋ,
ನೋಡಲಾಗಲಿಲ್ಲ.
ಆಗಲೇ ಎಂಟು ಜನರ ಸಾಲು.
"ಮುಂದಿನವರು" ಎಂದೆ.