ಕಾಲು ಗಂಟೆಯ ಪರದೇಶ

ಪೇಟೆ ಬೀದಿಯ ಮುನೀರ್ ಸಾಬರು
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ
ತಲೆಯೆತ್ತಿ ಕೇಳಿದರು:
'ಫಾರಿನ್ನಿಗಾ ಮೇಡಮ್ಮೋರೆ? ಯಾವ ದೇಸ?'

ನೇಪಾಳ, ಅಂದೆ.
ಖೊಖೊ ಪಂದ್ಯ, ಅಂಪೈರಿಂಗು, ಆರು ದಿನ.
ಮಂಡ್ಯ ಜಿಲ್ಲೆಯಿಂದ ನಾನೊಬ್ಬಳೇ.
ಅಂದದ್ದು ಸ್ವಲ್ಪ ಜೋರಾಯಿತೇನೋ,
ಪಕ್ಕದಲ್ಲಿ ಪಟ್ಟಿಗೆ ತೂತು ಹಾಕಿಸುತ್ತಿದ್ದ ಹುಡುಗ
ತಿರುಗಿ ನೋಡಿದ.

ಗಾಜಿನ ಮೇಲೆ ನೀಲಿ ಮಖಮಲ್ಲು ಹಾಸಿ
ಒಂದೊಂದಾಗಿ ಇಟ್ಟರು.
ಎರಡು ದೇಶದ ಟೈಮು ಒಟ್ಟಿಗೆ ತೋರಿಸುವುದು.
ನೂರು ಮೀಟರು ನೀರಿನ ಕೆಳಗೂ ಓಡುವುದು
(ನಮ್ಮೂರ ನಾಲೆಗೇ ಮೊಣಕಾಲುದ್ದ ಇಳಿದವಳಲ್ಲ ನಾನು).
ಬಂಗಾರದ ಬಣ್ಣದ್ದು, ಬಳೆಯ ಹಾಗೆ,
ಮುಳ್ಳು ಹುಡುಕಲು ಕನ್ನಡಕ ಬೇಕು;
ಮದುವೆ ಮನೆಗೆ ಸರಿ.

ನನಗೆ ಬೇಕಾದ್ದು ಸೆಕೆಂಡು ಮುಳ್ಳು,
ಕೆಂಪಗೆ, ಬಿಸಿಲಲ್ಲೂ ಕಾಣುವಂಥದ್ದು.
ಒಂಬತ್ತು ನಿಮಿಷದ ಪಾಳಿಯಲ್ಲಿ
ಕೊನೆಯ ಎರಡು ಸೆಕೆಂಡಿಗೆ ಒಬ್ಬಳು ಔಟಾದರೆ
ಅವಳ ಇಡೀ ಊರು ನನ್ನ ಮಣಿಕಟ್ಟು ನೋಡುತ್ತದೆ.
ಚರ್ಮದ ಪಟ್ಟಿ ಬೇಡ, ಬೆವರಿಗೆ ಕೊಟ್ಟಿಗೆ ವಾಸನೆ.
ಸ್ಟೀಲಿನ ಸರಪಳಿ ರೋಮ ಕೀಳುತ್ತದೆ.
ತೆಳ್ಳಗಿರಬೇಕು, ಬ್ಲೇಜರಿನ ತೋಳಿನೊಳಗೆ ಹೋಗುವಷ್ಟು;
ತೀರಾ ಒಳಗೂ ಹೋಗಬಾರದು,
ಫೋಟೊದಲ್ಲಿ ಚೂರು ಇಣುಕಬೇಕು.
ಐವತ್ತೆರಡು ವರ್ಷ,
ಕೊರಳಿಗೆ ಸೀಟಿ ಬಿಟ್ಟು ಬೇರೆ ಒಡವೆ ಇಟ್ಟವಳಲ್ಲ.
ಇಷ್ಟು ಷೋಕಿ ನನಗೂ ಇರಲಿ.

'ಅಲ್ಲಿಗೂ ಇಲ್ಲಿಗೂ ಟೈಮು ಎಷ್ಟು ಫರಕು?'
'ಕಾಲು ಗಂಟೆ. ಅವರು ಮುಂದೆ.'
ಸಾಬರು ಭೂತಗನ್ನಡಿ ತೆಗೆದರು.
'ದುಬೈಗೆ ಒಂದೂವರೆ, ಲಂಡನ್ನಿಗೆ ಐದೂವರೆ,
ಎಷ್ಟೋ ಜನಕ್ಕೆ ತಿರುಗಿಸಿ ಕೊಟ್ಟಿದ್ದೀನಿ.
ಕಾಲು ಗಂಟೆಗೂ ಒಂದು ದೇಸ ಐತಾ!'
ನಕ್ಕರು. ನಾನೂ ನಕ್ಕೆ.
ಇಲ್ಲಿಂದ ಗುತ್ತಲಿಗೆ ನಡೆದು ಹೋಗುವಷ್ಟು ಹೊತ್ತು.

ನಗು ನಿಲ್ಲುವ ಮೊದಲೇ ನೆನಪಾದದ್ದು
ನಮ್ಮ ನಡುಮನೆಯ ಗಾಜಿಲ್ಲದ ಗಡಿಯಾರ.
ಸಕ್ಕರೆ ಫ್ಯಾಕ್ಟರಿ ಕೂಗಿದ ಕೂಡಲೆ ಅವ್ವ ಸ್ಟೂಲು ಹತ್ತಿ,
ಮುಳ್ಳನ್ನು ಕೂಗಿಗೆ ಸರಿಮಾಡಿ,
ಆಮೇಲೆ ಬೆರಳಿಂದ ಕಾಲು ಗಂಟೆ ಮುಂದಕ್ಕೆ ತಳ್ಳಿ,
'ಈಗ ಸರಿಯಾಯ್ತು' ಅಂತ ಇಳಿಯುವಳು.
ಹೊತ್ತಾಯ್ತು ಏಳೇ, ರೈಲು ಹೊಂಟೋಯ್ತದೆ ಏಳೇ.
ಬಿದ್ದು ಎದ್ದು ಹೋದರೆ ಸ್ಟೇಷನ್ನಿನಲ್ಲಿ
ಕಡಲೆಕಾಯಿಯವನೂ ಬಂದಿರುತ್ತಿರಲಿಲ್ಲ.
ಸುಳ್ಳೆಂದು ಮನೆಮಂದಿಗೆಲ್ಲ ಗೊತ್ತು,
ಆದರೂ ಓಡುತ್ತಿದ್ದೆವು.
ಓಡಿ ಓಡಿಯೇ ನನಗೆ ಖೊಖೊ ಬಂದದ್ದು.

ಹಾಗಾದರೆ, ಅವ್ವ,
ಮದ್ದೂರಿನಿಂದಾಚೆ ಒಬ್ಬಳೇ ಹೋದವಳಲ್ಲ ನೀನು,
ಅಷ್ಟು ವರ್ಷ ನಮ್ಮನ್ನೆಲ್ಲ
ಕಠ್ಮಂಡುವಿನ ಹೊತ್ತಿಗೆ ಎಬ್ಬಿಸಿದೆಯಾ?
ಅಲ್ಲಿ ಯಾರದೋ ಒಲೆಯ ಮೇಲೆ ಹಾಲುಕ್ಕುವಾಗ
ನಿನ್ನ ಗೋಡೆಯಲ್ಲೂ ಅದೇ ಆರೂ ಹತ್ತು.

ಕಪ್ಪು ರಬ್ಬರಿನ ಪಟ್ಟಿ, ಬಿಳಿ ಮುಖ, ಕೆಂಪು ಮುಳ್ಳು.
ಕತ್ತಲಲ್ಲಿ ಹೊಳೆಯುತ್ತೆ ಎಂದು
ಸಾಬರು ಅಂಗೈ ಮುಚ್ಚಿ, ಸಂದಿಯಲ್ಲಿ ತೋರಿಸಿದರು,
ಮಿಂಚುಹುಳ ಹಿಡಿದ ಹುಡುಗನ ಹಾಗೆ.
ಎರಡು ಸಾವಿರದ ಎಂಟುನೂರು ಹೇಳಿ
ಜಿಲ್ಲೆಯ ಮರ್ಯಾದೆಗೆಂದು ಮುನ್ನೂರು ಬಿಟ್ಟರು.
'ಯಾವ ಟೈಮಿಗೆ ಇಡಲಿ?'
'ಇಲ್ಲಿಯದಕ್ಕೇ ಇಡಿ. ಮನೇಲಿ ನಾನೇ ತಿರುಗಿಸ್ಕೋತೀನಿ.'

ರಾತ್ರಿ ಅದೇ ಸ್ಟೂಲು ಹತ್ತಿ
ಗಡಿಯಾರದ ಪಕ್ಕ ಕೈ ಹಿಡಿದು ನೋಡಿದೆ.
ಅವ್ವ ಹೋಗಿ ಮೂರು ವರ್ಷ.
ನಿಲ್ಲುವ ಮೊದಲೇ ಸೆಲ್ಲು ಬದಲಿಸಿದ್ದು ಬಿಟ್ಟರೆ
ಮುಳ್ಳನ್ನು ಯಾರೂ ಮುಟ್ಟಿಲ್ಲ.
ಕಾಲು ಗಂಟೆಯಲ್ಲ, ಹದಿನೇಳು ನಿಮಿಷ ಮುಂದಿದೆ.
ಆ ಎರಡು ನಿಮಿಷ ಯಾವ ದೇಶದ್ದೋ.

ಬೆಳಿಗ್ಗೆ ಐದೂಕಾಲಿಗೆ ಆಟೊ ಹೇಳಿದ್ದೇನೆ.
ಯಾವ ಐದೂಕಾಲು ಅಂತ
ಚನ್ನಾಜಪ್ಪನಿಗೆ ಹೇಳಲು ಮರೆತೆ.