ಅವರಿಗೆ ಬಂದ ಮೇಲೆ

ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ ಹತ್ತು. ಟಯರ್ ಗೋದಾಮಿನ ಹಿಂದೆ
ನಮ್ಮ ಶೆಡ್ಡು. ತಗಡು ಕತ್ತರಿಸಿ, ಮಡಚಿ, ರಿವೆಟ್ಟು ಹೊಡೆದು
ತಣ್ಣನೆ ಗಾಳಿ ಹೋಗುವ ಡಕ್ಟು ಮಾಡುತ್ತೇವೆ
ಯಾವುದೋ ಕಟ್ಟಡದ ನಲವತ್ತೊಂದನೇ ಅಂತಸ್ತಿಗೆ.
ಯಾವುದೆಂದು ಕೇಳಬೇಡಿ.
ನಮ್ಮ ಕಾಗದದಲ್ಲಿ ಅದಕ್ಕೆ ಹೆಸರಿಲ್ಲ, ಪ್ಲಾಟ್ ನಂಬರು ಮಾತ್ರ.

ಮಾಲಕರು ಕೊಟ್ಟದ್ದು ದೊಡ್ಡ ಕಂಪನಿಗೆ,
ಅವರು ಕೊಟ್ಟದ್ದು ಎಸಿ ಕಂಪನಿಗೆ,
ಎಸಿಯವರು ದೇರಾದ ಯಾರೋ ಭಾಯಿಗೆ,
ಭಾಯಿ ನಮಗೆ.
ಇಷ್ಟು ಕೈ ದಾಟಿದ ಬೆಣ್ಣೆಯುಂಡೆ
ನಮ್ಮ ಅಂಗೈಗೆ ಬಂದಾಗ ಬರೀ ಜಿಡ್ಡು.

ಕರಾರಿನ ಹನ್ನೊಂದನೇ ಕಲಮು:
ಅವರಿಗೆ ಬಂದ ಮೇಲೆ ನಿಮಗೆ.
ಓದಿ ಹೇಳಿದೆ. ಹಮ್ಮಬ್ಬಾಕ ನಕ್ಕರು,
'ದೇವರು ಕೊಟ್ಟರೂ ಪೂಜಾರಿ ಕೊಡ, ಅಲ್ಲವಾ?'
ಸಹಿ ಹಾಕಿದರು.
ಆಗಸ್ಟಿನಲ್ಲಿ ಬೇರೆ ಕೆಲಸವಿರಲಿಲ್ಲ, ಆರು ಜನರ ವೀಸಾ ಮುಗಿಯುವುದಿತ್ತು.

ಇದನ್ನೂ ಹೇಳಬೇಕು: ಮೂಲೆಯಲ್ಲಿ ಗಾಳಿ ಸೋರದ ಹಾಗೆ
ಮಡಿಕೆ ಕೂರಿಸುವ ವಿದ್ಯೆ ನಮ್ಮದಲ್ಲ.
ಎಸಿ ಕಂಪನಿಯ ರೊಡೆಲ್ ಎಂಬ ಹುಡುಗ
ಅರ್ಧ ದಿನ ಇದೇ ನೆಲದಲ್ಲಿ ಕೂತು ಕಲಿಸಿಕೊಟ್ಟ.
ನಮ್ಮ ಚಾ ಕುಡಿದ, ಇನ್ನೊಂದು ಕೇಳಿ ಕುಡಿದ.
ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಸೋಮವಾರ ಫೋನು. ಡ್ರಾಯಿಂಗು ಬದಲಾಗಿದೆ, ಏಳನೇ ಸಲ.
ಮೂರು ಬೆರಳು ಅಗಲ ಹೆಚ್ಚು ಬೇಕು.
ನಲವತ್ತು ಡಕ್ಟು ಆಗಲೇ ತಯಾರು.
ತಗಡೇನು ರವಿಕೆಯೇ,
ಹೊಲಿಗೆ ಬಿಚ್ಚಿ ಒಂದಿಷ್ಟು ಬಿಟ್ಟುಕೊಡಲು?
ಖರ್ಚು ಯಾರದ್ದು ಎಂದರೆ ಲೈನು ಕಟ್ಟಾಯಿತು.

ಗುರುವಾರ ಜಹೀರುಲ್ ಬಂದ.
ನಮ್ಮ ಡಕ್ಟಿಗೆ ಉಣ್ಣೆ ಸುತ್ತಿಕೊಡುವವನು,
ಅಜ್ಮಾನಿನಲ್ಲಿ ಅವನದೊಂದು ಗೂಡು, ನಾಲ್ಕು ಹುಡುಗರು.
ಬಾಗಿಲಲ್ಲೇ ನಿಂತ. ತೋಳಿನ ತುರಿಕೆ ಕೆರೆಯುತ್ತಿದ್ದ.
ಕೇಳಲೂ ಇಲ್ಲ. ನಾನೇ ಅಂದುಬಿಟ್ಟೆ:
'ನಮಗೆ ಬರಲಿ, ಆಮೇಲೆ ನಿನಗೆ.'
ಎಷ್ಟು ಸಲೀಸಾಗಿ ಬಂತು ಮಾತು,
ಹುಟ್ಟಿದಾಗಿನಿಂದ ಆಡುತ್ತಿದ್ದವಳ ಹಾಗೆ.
ಅವನು ತಲೆಯಾಡಿಸಿದ. ಅಂಟಿನ ಡಬ್ಬಿ ಸಾಲ ಕೊಟ್ಟವನಿಗೆ
ಸಂಜೆ ಅವನೂ ಇದನ್ನೇ ಹೇಳಿರಬೇಕು.

ಶನಿವಾರ ಗುಜರಿಯ ಗುಲ್ ಜಮಾನ್ ಪಿಕಪ್ಪು ತಂದ.
ನಲವತ್ತೂ ಡಕ್ಟುಗಳನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿ
ತಕ್ಕಡಿಗೆ ಹಾಕಿದ.
ರೊಡೆಲ್ ಕಲಿಸಿದ ಮೂಲೆಗಳು ಮಾತ್ರ ಬೇಗ ಬಗ್ಗಲಿಲ್ಲ.
ಬೆರಳಿಗೆ ಎಂಜಲು ಹಚ್ಚಿ ಎಣಿಸಿ
ನೋಟು ಮೇಜಿನ ಮೇಲಿಟ್ಟ. ಕರಾರಿಲ್ಲ, ಚೆಕ್ಕಿಲ್ಲ,
ತೊಂಬತ್ತು ದಿನವಿಲ್ಲ.

ಹಮ್ಮಬ್ಬಾಕ ಅದರಲ್ಲಿ ಅರ್ಧ ಎತ್ತಿ ಬದಿಗಿಟ್ಟರು,
'ಜಹೀರುಲನಿಗೆ ಫೋನು ಮಾಡು.'
ಉಳಿದದ್ದನ್ನು ಯಾವ ಖಾತೆಗೆ ಬರೆಯಲಿ ಎಂದೆ.
'ಮಾರಾಟ' ಎಂದರು.
ಗುಜರಿಯಲ್ಲವಾ, ಎಂದೆ.
'ಈ ವರ್ಷ ಮಾರಾಟವಾದದ್ದು ಅದೊಂದೇ ಮಗಾ, ಬರಿ.'